ಪೊಟರೆಯೊಳಗಿನ ಬಾಟಲಿ

ಕಬಿನಿ ಹೊಳೆಯಲ್ಲಿ ಮುಳುಗಿ ಎದ್ದು ದೀಕ್ಷಾಸ್ನಾನ ಪಡೆದ ದಿನ ಸಜೀವ್ ತನ್ನ ಪಾಪಗಳನ್ನೆಲ್ಲ ಹೊಳೆಗೇ ಬಿಟ್ಟು ಬಂದಿದ್ದ, ಒಂದರ ಹೊರತು. ಆ ಒಂದು, ಕಾಫಿ ತೋಟದ ಅಂಚಿನ ಹಳೆಯ ಹಲಸಿನ ಮರದ ಪೊಟರೆಯಲ್ಲಿತ್ತು. ಬ್ರಾಂದಿ ಬಾಟಲಿ. ಕುಡಿಯುವುದಕ್ಕೆಂದು ಇಟ್ಟದ್ದಲ್ಲ. ಹಾವು ಕಚ್ಚಿದರೆ, ಚಳಿಜ್ವರ ಬಂದರೆ, ಲೋಕವೇ ಮುಳುಗಿದರೆ ಇರಲಿ ಎಂದು ಇಟ್ಟದ್ದು. ವರ್ಷವಾದರೂ ಹಾವು ಕಚ್ಚಲಿಲ್ಲ, ಅವನೂ ಮುಟ್ಟಲಿಲ್ಲ.

ಮುಟ್ಟದಿರುವುದಕ್ಕೆ ದೇವರ ಭಯ ಒಂದು ಕಾರಣ, ಅತ್ತೆಯ ಭಯ ಇನ್ನೊಂದು. ಎರಡನೆಯದೇ ದೊಡ್ಡದು. ಹೆಂಡತಿ ಶೀಜಳ ತಾಯಿ ಕಾರ್ತು ಅಳಿಯನ ಕಾವಲಿಗೆಂದೇ ಬಂದು ವರ್ಷದಿಂದ ಮನೆಯಲ್ಲಿ ಬೇರು ಬಿಟ್ಟಿದ್ದಳು. ಪನಮರಂ ಪೇಟೆಯ ಮೆಣಸಿನ ಅಂಗಡಿಯಲ್ಲಿ ವಾರವಿಡೀ ದುಡಿದು ಸಜೀವ್ ಶನಿವಾರ ಬಂದರೆ, ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ತಾನು ಮಾತ್ರ ಸದಾ ಲವಂಗ ಅಗಿಯುತ್ತ, ಮಧ್ಯಾಹ್ನ ತೋಟದಲ್ಲಿ ಒಬ್ಬಳೇ ಕೂತು ಪ್ರಾರ್ಥಿಸುತ್ತ, ಸಭೆಯಲ್ಲೆಲ್ಲ ಮಹಾಭಕ್ತೆ ಎಂದು ಹೆಸರಾಗಿದ್ದಳು.

ಇವತ್ತು ಭಾನುವಾರ. ಸಂಜೆ ಅವರ ಮನೆಯಲ್ಲೇ ಪ್ರಾರ್ಥನಾಕೂಟ. ಕುಡಿತ ಬಿಟ್ಟು ವರ್ಷ ತುಂಬಿದ ಸಜೀವ್ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಬೇಕು. ಸರಿಯಾಗಿ ಹೇಳಿದರೆ ಅತ್ತೆ ನಾಳೆಯ ಬಸ್ಸಿಗೆ ಮಗನ ಮನೆಗೆ ಹೊರಡುತ್ತಾಳೆ. ಎಡವಿದರೆ ಏನಾಗುತ್ತದೆಂದು ಶೀಜ ಮೊದಲೇ ಹೇಳಿಬಿಟ್ಟಿದ್ದಳು.

"ಇನ್ನೊಂದ್ ಸಲ ಬಾಯಿಗೆ ಇಟ್ಟಿದ್ದು ಗೊತ್ತಾದ್ರೆ ಅವ್ವನ್ ಜೊತೆ ನಾನೂ ಹೊಂಟೋಯ್ತಿನಿ. ಆಮೇಲೆ ನೀವುಂಟು, ನಿಮ್ ಬಾಟ್ಲುಂಟು."

ಸಾಲದ್ದಕ್ಕೆ ಹಿಂದಿನ ವಾರ ಪಾಸ್ಟರ್ ಅನನೀಯನ ಕತೆ ಹೇಳಿದ್ದರು. ಸಭೆಯ ಮುಂದೆ ಸುಳ್ಳಾಡಿದ ಅನನೀಯ ನಿಂತಲ್ಲೇ ಬಿದ್ದು ಸತ್ತ, ಹಿಂದೆಯೇ ಅವನ ಹೆಂಡತಿಯೂ ಸತ್ತಳು. ಅಂದಿನಿಂದ ಸಜೀವನಿಗೆ ನಿದ್ದೆ ಹತ್ತಿರಲಿಲ್ಲ. ಬಾಟಲಿ ಪೊಟರೆಯಲ್ಲಿರುವಾಗ 'ಎಲ್ಲಾ ಬಿಟ್ಟೆ' ಎಂದರೆ ಸುಳ್ಳೇ ತಾನೆ? ಮನೆಯ ನಡುಮನೆಯಲ್ಲಿ, ಚಾಪೆಯ ಮೇಲೆ, ತಾನು ದೊಪ್ಪನೆ ಬಿದ್ದು ಸಾಯುವುದು ಅವನ ಕಣ್ಣಿಗೆ ಕಟ್ಟಿತು. ಇವತ್ತೇ ಚೆಲ್ಲಿಬಿಡುವುದೆಂದು ಬೆಳಿಗ್ಗೆ ಎದ್ದವನೇ ತೋಟಕ್ಕೆ ಹೊರಟ.

ಅಲ್ಲಿಗೆ ಹೋಗುವುದಕ್ಕೂ ಗುಂಡಿಗೆ ಬೇಕಿತ್ತು. ಹದಿನೈದು ದಿನದ ಹಿಂದೆ ಪಕ್ಕದ ಮನೆಯ ಅಮ್ಮಾಳುವಿನ ಆಡನ್ನು ಹುಲಿ ಹೊತ್ತೊಯ್ದಿತ್ತು. ಅಂದಿನಿಂದ ಕಾರ್ತು ಒಬ್ಬಳನ್ನು ಬಿಟ್ಟು ಯಾರೂ ಆ ಕಡೆ ಒಂಟಿಯಾಗಿ ಸುಳಿಯುತ್ತಿರಲಿಲ್ಲ. ಎಲೆ ಅಲುಗಿದರೂ ಬೆಚ್ಚುತ್ತ ಸಜೀವ್ ಹಲಸಿನ ಮರ ಮುಟ್ಟಿದ, ಪೊಟರೆಗೆ ಕೈ ಹಾಕಿದ, ಬಾಟಲಿ ಎಳೆದ, ಮುಚ್ಚಳ ತಿರುಗಿಸಿದ. ಅಲ್ಲಿಯವರೆಗೆ ಅವನ ಮನಸ್ಸು ಸ್ಫಟಿಕದಷ್ಟು ಶುದ್ಧವಾಗಿತ್ತು. ಆಮೇಲೆ ವರ್ಷದ ಗೆಳೆಯನನ್ನು ಒಂದು ಮಾತೂ ಆಡದೆ ಕಳಿಸುವುದು ಹೇಗೆ ಎನ್ನಿಸಿತು.

ಒಂದು ಗುಟುಕು ಕುಡಿದ. ಸಪ್ಪೆ. ವರ್ಷವೆಲ್ಲ ಪೊಟರೆಯಲ್ಲಿದ್ದು ಶಕ್ತಿ ಕುಂದಿದೆಯೇನೋ ಎಂದು ಇನ್ನೊಂದು ಗುಟುಕು ಕುಡಿದು ಪರೀಕ್ಷಿಸಿದ. ಮೂರನೆಯ ಗುಟುಕಿಗೆ ತಲೆ ಗಿರ್ರೆಂದಿತು, ಕಾಲು ತೂರಾಡಿದವು. ಮರಕ್ಕೆ ಒರಗಿ ಕಣ್ಣೆತ್ತಿದರೆ ಎದುರಿನ ಸಿಲ್ವರ್ ಮರಕ್ಕೆ ಬಿಗಿದ ಹಸಿರು ಪೆಟ್ಟಿಗೆಯೊಂದು ಒಂಟಿಕಣ್ಣಿನಲ್ಲಿ ಅವನನ್ನೇ ನೋಡುತ್ತಿತ್ತು.

ಬಾಟಲಿಯನ್ನು ಪಕ್ಕದ ತೋಡಿನ ನೀರಿಗೆ ಎಸೆದು ಓಡಿದವನು ಬೇಲಿಯ ಬಳಿ ಅಮ್ಮಾಳುವಿಗೆ ಎದುರಾದ.

"ಅಮ್ಮಾಳು ಚೇಚಿ, ಆ ಮರದಲ್ಲಿ ಏನದು ಪೆಟ್ಗೆ?"

"ನನ್ ಆಡು ತಿಂದ ಕಡುವನ್ ಹಿಡಿಯಾಕೆ ಕ್ಯಾಮ್ರಾ ಕನಪ್ಪ. ಬುಧವಾರ ಫಾರೆಸ್ಟ್‌ನವ್ರು ಕಟ್ಟವ್ರೆ. ಮುಂದೆ ಇರುವೆ ಹೋದ್ರೂ ಫೋಟೋ ಬೀಳ್ತದಂತೆ. ನಮ್ ಸುಧೀಷನೇ ಬಂದು ಬಿಚ್ಚಿ ನೋಡೋದು. ಯಾಕೆ, ನೀ ಹೋಗಿದ್ಯಾ?"

"ನಾನಾ? ಇಲ್ಲಪ್ಪ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಸಜೀವ್ ತನ್ನ ಬಾಯಿ ಒರೆಸಿಕೊಂಡ. ಸುಧೀಷ್ ಎಂದರೆ ಅರಣ್ಯ ಇಲಾಖೆಯ ವಾಚರ್, ಸಭೆಯಲ್ಲಿ ಡೋಲು ಬಾರಿಸುವವನು, ಊರಿನ ವಾಟ್ಸಾಪ್ ಗುಂಪಿಗೆ ಯಜಮಾನ. ಅವನ ಕೈಗೆ ಆ ಫೋಟೋ ಸಿಕ್ಕರೆ ಮಧ್ಯಾಹ್ನದೊಳಗೆ ಗಡಿಯಾಚೆಯ ಊರುಗಳಿಗೂ ತಲುಪುತ್ತದೆ. ಅತ್ತ ದರಿ, ಇತ್ತ ಪುಲಿ ಎಂಬುದು ಇಲ್ಲಿ ಬರೀ ಗಾದೆಯಾಗಿರಲಿಲ್ಲ.

ಕ್ಯಾಮರಾವನ್ನೇ ಕದಿಯುವುದೆಂದು ಸಜೀವ್ ನಿಶ್ಚಯಿಸಿದ. ಅದರ ಕಣ್ಣಿಗೆ ಗುರುತು ಸಿಗದಂತೆ ಗೋಣಿಚೀಲ ಹೊದ್ದು, ಕಾಫಿ ಗಿಡಗಳ ನಡುವೆ ಮೊಣಕಾಲೂರಿ ತೆವಳಿದ. ಹಿಂದೆ ಏನೋ ಸರಸರ ಎಂದಿತು. ಹೆದರಿ ಬೇಗ ತೆವಳಿದ. ಸರಸರವೂ ಬೇಗವಾಯಿತು. ತನ್ನ ಚೀಲವೇ ತರಗೆಲೆಯ ಮೇಲೆ ಎಳೆಯುತ್ತಿದೆಯೆಂದು ತಿಳಿಯುವಷ್ಟು ಬುದ್ಧಿ ಆಗ ಅವನಲ್ಲಿ ಉಳಿದಿರಲಿಲ್ಲ.

"ಅಯ್ಯೋ, ಕಡುವ! ಕಡುವ ಬಂತು!"

ಬೇಲಿಯಾಚೆಯಿಂದ ಗೋಣಿಚೀಲ ನಡೆಯುವುದನ್ನು ಕಂಡ ಅಮ್ಮಾಳು ಬೊಬ್ಬೆ ಹಾಕಿದಳು. ತನ್ನ ಹಿಂದೆಯೇ ಹುಲಿ ಬಂತೆಂದು ಸಜೀವ್ ಚೀಲ ಬಿಸಾಡಿ ಹಲಸಿನ ಮರ ಹತ್ತಿದ. ಜನ ತಗಡು ಬಡಿಯುತ್ತ, ಪಟಾಕಿ ಸಿಡಿಸುತ್ತ ಓಡಿ ಬಂದರು. ಸುಧೀಷ್ ಬಂದು ನೋಡಿದರೆ ಹುಲಿಯಿಲ್ಲ, ಕೊಂಬೆ ತಬ್ಬಿಕೊಂಡ ಸಜೀವ್ ಇದ್ದ.

"ಸಜೀವೇಟ್ಟಾ, ಮರದ್ ಮೇಲೆ ಏನ್ ಮಾಡ್ತಿದ್ದೀರಿ?"

"ಪ್ರಾರ್ಥನೆ."

"ಮರ ಹತ್ತಿ?"

"ಯೇಸುನ ನೋಡಾಕೆ ಜಕ್ಕಾಯನೂ ಮರ ಹತ್ತಿದ್ನಲ್ಲ!"

"ಸ್ತೋತ್ರ!" ಎಂದಳು ಕೆಳಗಿನಿಂದ ಕಾರ್ತು. ಯಾಕೋ ಅವಳ ಕಣ್ಣು ಮಾತ್ರ ಪೊಟರೆಯ ಮೇಲಿತ್ತು.

"ಬಂದಿದ್ದು ಬಂದೆ, ಕಡುವ ಬಿದ್ದದಾ ನೋಡುವಾ" ಎಂದು ಸುಧೀಷ್ ಕ್ಯಾಮರಾ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೊರಟ. ಸಜೀವನ ಜೀವವೂ ಅದರೊಂದಿಗೇ ಹೊರಟಿತು.

ಸಂಜೆ ನಡುಮನೆ ತುಂಬಿತು. ಪಾಸ್ಟರ್ ಹಾಡಿಸಿದರು, ಪ್ರಾರ್ಥಿಸಿದರು, "ಸಹೋದರ ಸಜೀವ್ ಈಗ ಸಾಕ್ಷಿ ಹೇಳಲಿ" ಎಂದರು. ಸಜೀವ್ ಎದ್ದ. ಅಷ್ಟರಲ್ಲಿ ಸುಧೀಷ್ ಫೋನು ಹಿಡಿದು ಏದುಸಿರು ಬಿಡುತ್ತ ಒಳಗೆ ಬಂದ.

"ಪಾಸ್ಟರೇ, ಕ್ಯಾಮ್ರಾದಲ್ಲಿ ಕಡುವ ಸಿಕ್ಕಿಲ್ಲ. ಆದ್ರೆ ಈ ಮನೆಯವ್ರೇ ಒಬ್ರು ಸಿಕ್ಕವ್ರೆ. ಕೈಯಲ್ಲಿ ಬಾಟ್ಲು!"

ಸಜೀವ್ ದೊಪ್ಪನೆ ಬಿದ್ದ. ಸಾಯಲಿಲ್ಲ, ಮೊಣಕಾಲ ಮೇಲೆ ಬಿದ್ದಿದ್ದ.

"ತಪ್ಪಾಯ್ತು! ಪೊಟ್ರೇಲಿ ಬಚ್ಚಿಟ್ಟಿದ್ದು ನಾನೇ. ಇವತ್ ಬೆಳಿಗ್ಗೆ ಮೂರ್ ಗುಟುಕು ಕುಡ್ದಿದ್ದೂ ನಾನೇ. ಚೆಲ್ಲಾಕಂತ ಹೋದೆ, ಸೈತಾನ ಕೈ ಹಿಡ್ಕೊಂಡ. ಶೀಜಾ, ಬುಟ್ಟೋಗ್ಬೇಡ ಕನೇ!"

ಶೀಜ ಅಳುತ್ತ ಬಟ್ಟೆ ಗಂಟು ಕಟ್ಟಲು ಒಳಗೆ ನುಗ್ಗಿದಳು. ಸುಧೀಷ್ ತಬ್ಬಿಬ್ಬಾಗಿ ನಿಂತ.

"ನಿಮ್ದೆಲ್ಲಿ ಬಿದ್ದದೆ, ಸಜೀವೇಟ್ಟಾ? ಗುರುವಾರ ಸಂಜೆಗೇ ಬ್ಯಾಟ್ರಿ ಸತ್ತೋಗಿತ್ತು. ಈ ಫೋಟೋ ಗುರುವಾರ ಮಧ್ಯಾಹ್ನದ್ದು. ಇದು ಕಾರ್ತು ಅಮ್ಮ!"

ಫೋನು ಕೈಯಿಂದ ಕೈಗೆ ಹೋಯಿತು. ಹಲಸಿನ ಮರದ ಬುಡದಲ್ಲಿ ಕಾರ್ತು ಕೂತಿದ್ದಳು. ಪಕ್ಕದಲ್ಲಿ ಚಹಾದ ಕೆಟಲು, ಕೈಯಲ್ಲಿ ಖಾಲಿ ಬಾಟಲಿ, ಮುಖ ಆಕಾಶಕ್ಕೆ, ಕಣ್ಣು ಮುಚ್ಚಿವೆ. ಕಾರ್ತು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಎದ್ದು ನಿಂತಳು.

"ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರ್ದು ಅಂತ ಸುಮ್ನಿದ್ದೆ. ಅಳಿಯ ಬಚ್ಚಿಟ್ಟಿದ್ದು ನನ್ ಕಣ್ಣಿಗೆ ಬಿತ್ತು. ಆ ಸೈತಾನನ್ ನೀರು ಇಲ್ಲದಂಗೆ ಮಾಡಿ, ಬಾಟ್ಲಿಗೆ ಹಾಲಿಲ್ದ ಕಟ್ಟನ್ ಚಾಯ ತುಂಬಿಟ್ಟೆ. ಆಮೇಲೆ ಇವನಿಗೋಸ್ಕರ ಆಕಾಶಕ್ಕೆ ಮುಖ ಮಾಡಿ ಪ್ರಾರ್ಥನೆ ಮಾಡ್ದೆ."

"ಹಲ್ಲೆಲೂಯ!" ಎಂದು ಪಾಸ್ಟರ್ ಕೂಗಿದರು. "ಮುಖ ನೋಡಿ! ಎಂಥ ಆತ್ಮಾನಂದ!"

ಸಜೀವನೂ ನೋಡಿದ. ಸಡಿಲವಾದ ಕೆನ್ನೆ, ಅರ್ಧ ತೆರೆದ ತುಟಿ, ಲೋಕದ ಮೇಲೆಲ್ಲ ಉಕ್ಕುವ ಪ್ರೀತಿ. ಆ ಆನಂದ ಯಾವುದೆಂದು ಆ ಮನೆಯಲ್ಲಿ ಗುರುತಿಸಬಲ್ಲವನು ಅವನೊಬ್ಬನೇ. ಆದರೆ ಹೇಗೆ ಗೊತ್ತು ಎಂದು ಕೇಳಿದರೆ ಏನು ಹೇಳುವುದು?

"ಅಂದ್ರೆ ನಾ ಕುಡಿದಿದ್ದು ಬರೀ ಚಾಯ ತಾನೆ, ಪಾಸ್ಟರೇ?" ಎಂದ ಆಸೆಯಿಂದ.

"ಬಾಯಿ ಕುಡಿದದ್ದು ಚಾಯ. ಮನಸ್ಸು ಕುಡಿದದ್ದು ಬ್ರಾಂದಿ. ದೇವರು ನೋಡೋದು ಮನಸ್ಸನ್ನ" ಎಂದು ಪಾಸ್ಟರ್ ಅವನಿಗೆ ವಾರದ ಉಪವಾಸ ವಿಧಿಸಿದರು. ಮುಂದಿನ ಭಾನುವಾರದ ಸಾಕ್ಷಿಯನ್ನು ಕಾರ್ತುವಿಗೆ ಕೊಟ್ಟರು. ಗಂಟು ಹಿಡಿದು ಹೊರಬಂದ ಶೀಜಳನ್ನು ಕಾರ್ತುವೇ ತಡೆದಳು.

"ಬುಟ್ಟೋಗ್ಬೇಡ ಮಗಾ. ನಾನಿಲ್ಲೇ ಇದ್ದು ಕಾಯ್ತಿನಿ. ಇನ್ನೊಂದ್ ವರ್ಷ ಆದ್ರೂ ಸರಿ."

ಮರುದಿನ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಸಜೀವ್ ಪನಮರಂಗೆ ಹೊರಟಾಗ ಕಾರ್ತು ಬೇಲಿಯವರೆಗೂ ಬಂದಳು. ಅತ್ತ ಇತ್ತ ನೋಡಿ, ಅವನ ಕಿವಿಯ ಹತ್ತಿರ ಬಾಗಿದಳು. ಲವಂಗದ ವಾಸನೆ ಗಪ್ಪೆಂದು ಹೊಡೆಯಿತು.

"ಮೋನೆ, ಶನಿವಾರ ಬರುವಾಗ ಪೊಟ್ರೆಗೆ ಇನ್ನೊಂದು ತಂದಿಡು. ಇಲ್ದಿದ್ರೆ ನಿನ್ ಬಾಯಿ ಮೂಸಿದಾಗ ನಂಗೆ ಏನ್ ವಾಸನೆ ಬರ್ತದೋ, ನಂಗೇ ಗೊತ್ತಿಲ್ಲ."