ರೈಟ್ ಎಂದಳು ನಮ್ಮತ್ತೆ

ಇಂಗ್ಲಿಷರು ದೇಶ ಬಿಟ್ಟುಹೋಗಿ ಹತ್ತು ವರ್ಷವಾದ ಮೇಲೆ ನಮ್ಮ ಸೋದರತ್ತೆ ಇಂಗ್ಲಿಷ್ ಕಲಿತಳು. ಇಡೀ ಇಂಗ್ಲಿಷಲ್ಲ, ಒಂದೇ ಒಂದು ಪದ! ಅದನ್ನು ಅವಳು ಬೀಸುತ್ತಿದ್ದ ವರಸೆ ನೋಡಿ ನಮ್ಮಪ್ಪ, "ಅಕ್ಕ ಮೊದಲೇ ಕಲಿತಿದ್ದರೆ ಅವರು ಇನ್ನೂ ಬೇಗ ಹೊರಡುತ್ತಿದ್ದರು" ಎನ್ನುತ್ತಿದ್ದರು.

ಆ ಪದ ‘ರೈಟ್’. ಅದನ್ನು ಅವಳಿಗೆ ಕಲಿಸಿದ ಗುರು ಬಸ್ ಕಂಡಕ್ಟರು.

ಅತ್ತೆ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆರು ತಿಂಗಳು ಹಳೇಬೀಡಿನಲ್ಲಿ ದೊಡ್ಡಪ್ಪನ ಮನೆ, ಆರು ತಿಂಗಳು ಅರಸೀಕೆರೆಯಲ್ಲಿ ನಮ್ಮ ಮನೆ. ನಮ್ಮಪ್ಪ ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ರಜೆ ಬಂದರೆ ಅತ್ತೆಯ ಜೊತೆ ಬಸ್ಸು ಹತ್ತುವುದು ನನ್ನ ಪಾಲಿಗೆ ಬಂದ ಕೆಲಸ. ಆ ಸಲ ಬಾಣಾವರ ದಾಟಿದ ಮೇಲೆ ಅವಳು ಕಂಡಕ್ಟರನ್ನು ತಡೆದು ಕೇಳಿಯೇಬಿಟ್ಟಳು:

"ಅದೇನ್ರೀ ಅದು, ನೀವು ಅಂದ ತಕ್ಷಣ ಬಸ್ಸು ಹೊರಡುತ್ತಲ್ಲ, ಆ ಮಂತ್ರ?"

"ರೈಟ್ ಅಂತ ಅಮ್ಮಾವ್ರೇ. ರೈಟ್ ಅಂದ್ರೆ ಹೊರಡು ಅಂತ."

ಆಹಾ! ಇಷ್ಟು ದೊಡ್ಡ ಗಾಡಿ ಒಂದು ಮಾತಿಗೆ ಅಲ್ಲಾಡುತ್ತದೆ ಎಂದರೆ ಸಾಮಾನ್ಯವೇ? ಜಾವಗಲ್ಲಿನಲ್ಲಿ ಬಸ್ಸು ನಿಂತಿತು. ಕಂಡಕ್ಟರು ಕಾಫಿಗೆ ಇಳಿದ. ಬಿಸಿಲು ಸುಡುತ್ತಿತ್ತು. ಡ್ರೈವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ. ಅವನ ಬೆನ್ನ ಹಿಂದೆಯೇ ಹೆಂಗಸರ ಸೀಟು. ಅತ್ತೆ ಕಾದಳು, ಬೆವರು ಒರೆಸಿಕೊಂಡಳು, ಮತ್ತೆ ಕಾದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಥೇಟ್ ಕಂಡಕ್ಟರಿನಂತೆಯೇ, "ರೈ...ಟ್!" ಎಂದಳು.

ಡ್ರೈವರು ಬೆಚ್ಚಿಬಿದ್ದು ಗೇರು ಹಾಕಿದ. ಬಸ್ಸು ಹೊರಟೇಬಿಟ್ಟಿತು! ಹಿಂದಿನ ಸೀಟಿನವರು "ಏಯ್, ಕಂಡಕ್ಟರು! ಕಂಡಕ್ಟರು!" ಎಂದು ಬೊಬ್ಬೆ ಹಾಕುತ್ತಿದ್ದರೆ ಅತ್ತೆ ನನ್ನ ಕೈ ಹಿಡಿದು, "ನಿಲ್ಲಿಸೋಕೆ ಏನನ್ನಬೇಕು ಅಂತ ಕೇಳ್ಲೇ ಇಲ್ವಲ್ಲೇ!" ಎಂದು ಪೇಚಾಡಿದಳು. ಎರಡು ಫರ್ಲಾಂಗು ಓಡಿಬಂದು ಬಸ್ಸು ಹತ್ತಿದ ಕಂಡಕ್ಟರು ಏದುಸಿರು ಬಿಡುತ್ತಾ, "ಯಾರ್ಲಾ ಅದು ರೈಟ್ ಅಂದಿದ್ದು?" ಎಂದು ಗುಡುಗಿದ. ಅತ್ತೆ ಬಹಳ ಆಸಕ್ತಿಯಿಂದ ಕಿಟಕಿಯಾಚೆಯ ತೆಂಗಿನಮರಗಳನ್ನು ನೋಡುತ್ತಿದ್ದಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾವುದೂ ತಾನಾಗಿ ಹೊರಡಲಿಲ್ಲ. ಹಸುವನ್ನು ಮೇಯಲು ಬಿಡುವಾಗ ರೈಟ್! ನಾನು ಸ್ಕೂಲಿಗೆ ಹೊರಟಾಗ ರೈಟ್! ಅಪ್ಪನ ಕಚೇರಿಯ ಹಿರಿಯರೊಬ್ಬರು ಭಾನುವಾರ ಬಂದರೆ ಮೂರು ಸಲ ಕಾಫಿ ಕುಡಿದರೂ ಏಳುತ್ತಿರಲಿಲ್ಲ. ಒಂದು ಭಾನುವಾರ ಅತ್ತೆ ಬಾಗಿಲಲ್ಲಿ ನಿಂತು "ರೈಟ್ ರೈಟ್!" ಎಂದಳು ನೋಡಿ, ಆ ಮನುಷ್ಯ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಬೀದಿ ತಿರುಗಿದ ಮೇಲೆ ಅವರಿಗೆ ಏನನ್ನಿಸಿತೋ ನನಗೆ ತಿಳಿಯದು. ಆದರೆ ಮುಂದಿನ ಭಾನುವಾರ ಅವರು ಬರಲಿಲ್ಲ.

ತೊಡಕು ಶುರುವಾದದ್ದು ನನ್ನ ಲೆಕ್ಕದ ಪುಸ್ತಕದಿಂದ. ಹತ್ತಕ್ಕೆ ಹತ್ತು ಬಂದಿತ್ತು. ಕುಣಿಯುತ್ತಾ ಬಂದು, "ಅತ್ತೆ, ಎಲ್ಲಾದಕ್ಕೂ ಮೇಷ್ಟ್ರು ರೈಟ್ ಹಾಕಿದಾರೆ!" ಎಂದೆ. ಅವಳ ಮುಖ ಪೆಚ್ಚಾಯಿತು.

"ಹತ್ತು ಸಲ ಹೊರಡು ಅಂದಿದಾರಾ? ಅಂಥಾದ್ದೇನೇ ಮಾಡ್ದೆ ನೀನು?"

"ಅಯ್ಯೋ, ಹಂಗಲ್ಲ. ರೈಟ್ ಅಂದ್ರೆ ಸರಿ ಅಂತ."

"ಹಾಗಿದ್ರೆ ಆ ಕಂಡಕ್ಟರು?"

"ಅವನೂ ಸರೀನೇ. ಬಲಗಡೆಗೂ ರೈಟ್ ಅಂತಾರೆ. ಬರೆಯೋದಕ್ಕೂ ಹಾಗೇ ಅಂತಾರೆ, ಆದ್ರೆ ಅದರ ಸ್ಪೆಲ್ಲಿಂಗ್ ಬೇರೆ."

"ಕಿವಿಗೆ ಸ್ಪೆಲ್ಲಿಂಗ್ ಎಲ್ಲೇ ಕಾಣ್ಸುತ್ತೆ?"

ಇದನ್ನು ಮೇಷ್ಟ್ರನ್ನೇ ಕೇಳಬೇಕಿತ್ತು. ಇಂದಿಗೂ ಕೇಳಿಲ್ಲ! ಆದರೆ ಅತ್ತೆಗೆ ನಿಧಿ ಸಿಕ್ಕಂತಾಯಿತು. ಒಂದು ಪದ ಕೊಂಡರೆ ನಾಲ್ಕು ಬಂದವಲ್ಲ! ಸೀಮೆಸುಣ್ಣ ಹಿಡಿದು ಅಡಿಗೆಮನೆಗೆ ನುಗ್ಗಿದಳು. ಉಪ್ಪಿನಕಾಯಿ ಜಾಡಿಗೆ ರೈಟ್ ಗುರುತು, ಮೆಣಸಿನಪುಡಿ ಡಬ್ಬಕ್ಕೆ ರೈಟ್ ಗುರುತು. ಅಮ್ಮ ಮಾಡಿದ ಸಾರಿನ ಪಾತ್ರೆಗೆ ಮಾತ್ರ ಏನೂ ಹಾಕದೆ ದೂರ ನಿಂತು ಯೋಚಿಸಿದಳು. ಎರಡು ದಿನ ಅತ್ತಿಗೆ ನಾದಿನಿಯರ ನಡುವೆ ಮಾತಿರಲಿಲ್ಲ!

ಅವಳ ವಿದ್ಯೆಗೆ ಪಟ್ಟಾಭಿಷೇಕವಾದದ್ದು ಹಳೇಬೀಡಿನಲ್ಲಿ. ದೇವಸ್ಥಾನದ ಹೊರಗೆ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆವು. ಕಾರೊಂದು ಬಂದು ನಿಂತಿತು. ಒಳಗಿದ್ದ ಬಿಳಿಯ ದಂಪತಿಗಳು ತಲೆ ಹೊರಹಾಕಿ ಏನೋ ಕೇಳಿದರು. ನಾನೋ ತಲೆ ತಗ್ಗಿಸಿ ಕಡಲೆಕಾಯಿ ಬಿಡಿಸತೊಡಗಿದೆ. ಅತ್ತೆಗೆ ಅದರಲ್ಲಿ ‘ಬೇಲೂರು’ ಕೇಳಿಸಿತು, ತನ್ನ ಪದವೂ ಕೇಳಿಸಿತು. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಬಲಗೈಯನ್ನು ರಸ್ತೆಯ ಕಡೆ ಚಾಚಿ, "ರೈಟ್!" ಎಂದಳು. ಅವರು ನಕ್ಕು ಕೈಮುಗಿದರು. ನೀವೇ ಹೇಳಿ, ಆ ದಾರಿ ಬಲಕ್ಕೂ ಇತ್ತು, ಸರಿಯಾಗಿಯೂ ಇತ್ತು, ಕಾರು ಹೊರಟೂ ಹೋಯಿತು! ಒಂದೇ ಮಾತಿನಲ್ಲಿ ಮೂರು ಅರ್ಥ ಸಾಧಿಸುವುದು ದೊಡ್ಡ ಪಂಡಿತರಿಗಾದರೂ ಆದೀತೇ?

ಅದೇ ವರ್ಷ ಹಳೇಬೀಡಿನ ಮನೆಯ ಯಜಮಾನರಾಗಿದ್ದ ನಮ್ಮ ತಾತ, ಅತ್ತೆಯ ಅಪ್ಪ, ತೀರಿಕೊಂಡರು. ಕೆಲವು ದಿನಗಳಾದ ಮೇಲೆ ಜಗಲಿಯಲ್ಲಿ ಕೂತು ನಾನು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುತ್ತಿದ್ದೆ. ಅದರಲ್ಲಿ ಆ ಪದ ಹೆಜ್ಜೆಹೆಜ್ಜೆಗೂ ಬರುತ್ತಿತ್ತು. ಅತ್ತೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

"ಅಷ್ಟೊಂದು ಸಲ ಯಾರು ಹೊರಟ್ರೇ?"

"ಯಾರೂ ಇಲ್ಲ ಅತ್ತೆ. ಇಲ್ಲಿ ರೈಟ್ ಅಂದ್ರೆ ಹಕ್ಕು ಅಂತ."

"ಹಕ್ಕಾ? ಯಾರಿಗೆ?"

"ಎಲ್ಲರಿಗೂ."

"ಹೆಂಗಸರಿಗೂನಾ?"

"ಹೂಂ, ಪುಸ್ತಕದಲ್ಲೇ ಇದೆ. ಈಗ ಹೆಣ್ಣುಮಕ್ಕಳಿಗೂ ಅಪ್ಪನ ಆಸ್ತಿಯಲ್ಲಿ ಪಾಲು ಅಂತ ಕಾನೂನು ಬಂದಿದೆಯಂತೆ, ಟೀಚರ್ ಹೇಳಿದ್ರು."

ಅತ್ತೆ ಮತ್ತೆ ಅವರೆಕಾಯಿ ಬಿಡಿಸತೊಡಗಿದಳು. ಆ ಸಂಜೆ ಹಸು ರೈಟ್ ಕೇಳಿಸದೆ ತಾನಾಗಿಯೇ ಕೊಟ್ಟಿಗೆಗೆ ಹೋಯಿತು.

ತಿಂಗಳಾಗುವಷ್ಟರಲ್ಲಿ ದೊಡ್ಡಪ್ಪ ಹಳೇಬೀಡಿನಿಂದ ಬಂದರು. ಜೊತೆಗೆ ಪತ್ರ ಬರೆಯುವವರು. ತಾತನ ಮನೆಯಲ್ಲಿ, ಜಮೀನಿನಲ್ಲಿ ತನಗೇನೂ ಬೇಡ ಎಂದು ಅತ್ತೆ ಛಾಪಾಕಾಗದದ ಮೇಲೆ ಸಹಿ ಹಾಕಬೇಕಿತ್ತು. ಪತ್ರ ಬರೆಯುವವರು ಅದನ್ನು ಉಸಿರು ಬಿಡದೆ ಓದಿ ಮುಗಿಸಿದರು. ದೊಡ್ಡಪ್ಪ ಕೇಳಿದರು, "ಸರಿ ತಾನೇ ಕಣಮ್ಮಾ?"

"ರೈಟ್" ಎಂದಳು ಅತ್ತೆ.

ಎಲ್ಲರೂ ನಕ್ಕರು. ಇವಳ ಇಂಗ್ಲಿಷು ಬೇಲೂರು ತಾಲ್ಲೂಕಿಗೆಲ್ಲ ಗೊತ್ತಿತ್ತಲ್ಲ! ಪತ್ರ ಬರೆಯುವವರು ಮಸಿಕುಡಿಕೆಯ ಮುಚ್ಚಳ ತೆಗೆದು ಲೇಖನಿ ಚಾಚಿದರು. ಅತ್ತೆ ಕೈ ಚಾಚಲಿಲ್ಲ.

"ರೈಟ್ ಅಂದ್ಯಲ್ಲಮ್ಮ?" ಎಂದರು ದೊಡ್ಡಪ್ಪ.

"ಅಂದೆ ಅಣ್ಣ. ಬಸ್ಸಿಂದಲ್ಲ, ಲೆಕ್ಕದ ಪುಸ್ತಕದ್ದೂ ಅಲ್ಲ. ಇವಳ ಪಾಠದಲ್ಲಿ ಇರೋದು."

ಎಲ್ಲರ ಕಣ್ಣೂ ನನ್ನ ಮೇಲೆ! ನಾನು ಕಂಬದ ಹಿಂದೆ ಸರಿದೆ. ದೊಡ್ಡಪ್ಪನ ಮುಖ ಕೆಂಪಾಯಿತು.

"ನಿನ್ನ ಯಾರಾದ್ರೂ ಬೇಡ ಅಂದ್ರಾ? ಇಡೀ ಮನೆ ನಿಂದೇ ಅಲ್ವಾ?"

"ಇಡೀ ಮನೆ ನಂದು ಅಂತ ಮೂವತ್ತು ವರ್ಷದಿಂದ ಕೇಳ್ತಾ ಇದೀನಿ. ಅದಕ್ಕೇ ಒಂದು ಕೋಣೆ ಸಾಕು ಅಂತಿರೋದು" ಎಂದಳು ಅತ್ತೆ. "ಜಮೀನು ನಂಗ್ಯಾಕೆ? ನಡುಮನೆ ಪಕ್ಕದ ಕೋಣೆ ನಂದು ಅಂತ ಬರ್ಕೊಡಿ. ಎಲ್ಲರೂ ಹಾಸಿಕೊಂಡ ಮೇಲೆ ಉಳಿದ ಜಾಗದಲ್ಲೇ ನಾನು ಇಷ್ಟು ವರ್ಷ ಮಲಗಿರೋದು ಅಣ್ಣ. ಒಳಗಿಂದ ಅಗಳಿ ಹಾಕ್ಕೊಳ್ಳೋ ಅಂಥ ಒಂದು ಬಾಗಿಲು ಬೇಕು ನಂಗೆ."

ಅಪ್ಪ ಮೆಲ್ಲಗೆ, "ಅಕ್ಕ ಕೇಳ್ತಿರೋದು ಕಾನೂನಿಗಿಂತ ಕಡಿಮೇನೇ ಅಣ್ಣ" ಎಂದರು. ದೊಡ್ಡಪ್ಪ ಎಲೆ ಹಾಕಿದ್ದರೂ ಊಟ ಮಾಡದೆ ಬಸ್ಸು ಹಿಡಿದರು.

ಮೂರು ತಿಂಗಳು ಕಾಗದವಿಲ್ಲ. ಅತ್ತೆ ಅಂಚೆಯವನ ಹಾದಿ ಕಾಯುತ್ತಾ ಜಗಲಿಯಲ್ಲೇ ಕೂರುತ್ತಿದ್ದಳು. ನಾವಿಬ್ಬರೇ ಇದ್ದಾಗ ನನ್ನನ್ನು ಕೇಳಿದಳು, "ತಪ್ಪು ಮಾಡಿದ್ನೇನೇ? ಅಣ್ಣ ಉಪವಾಸ ಹೋದ." ಕಡೆಗೆ ಗೆದ್ದುಕೊಟ್ಟವಳು ದೊಡ್ಡಮ್ಮ. ದೊಡ್ಡಪ್ಪನಿಗೆ ಬಡಿಸುತ್ತಾ ಬಡಿಸುತ್ತಾ ಕೇಳಿದಳಂತೆ: "ಆ ಕೋಣೇಲಿ ಈಗ ರಾಗಿ ಮೂಟೆ ಇದಾವೆ. ನಿಮಗೆ ತಂಗಿಗಿಂತ ಮೂಟೆ ಹೆಚ್ಚಾಯ್ತಾ?" ಮಾರನೆಯ ವಾರವೇ ಬೇಲೂರಿನಲ್ಲಿ ಕೋಣೆಯ ಪತ್ರ ಅತ್ತೆಯ ಹೆಸರಿಗೆ ರಿಜಿಸ್ಟರಾಯಿತು.

ಅತ್ತೆಯನ್ನು ಬಿಟ್ಟುಬರಲು ಅಪ್ಪನೂ ನಾನೂ ಹೋಗಿದ್ದೆವು. ದೊಡ್ಡಮ್ಮ ಕೋಣೆಗೆ ಸುಣ್ಣ ಹೊಡೆಸಿ, ಹೊಸಲಿಗೆ ರಂಗೋಲಿ ಇಟ್ಟಿದ್ದಳು. ಅತ್ತೆ ಒಳಗೆ ಹೋದಳು, ಸುತ್ತ ನೋಡಿದಳು, ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಅಗಳಿ ಬಿದ್ದ ಸದ್ದು ಕೇಳಿಸಿತು. ನಾವು ನಾಲ್ವರೂ ನಡುಮನೆಯಲ್ಲಿ ನಿಂತೇ ಇದ್ದೆವು.

ದೊಡ್ಡಪ್ಪ ಆ ಮನೆಯಲ್ಲಿ ಎಲ್ಲಿಗೆ ಹೋಗಲೂ ಯಾರನ್ನೂ ಕೇಳಿದವರಲ್ಲ. ಅವರು ಬಾಗಿಲ ಹತ್ತಿರ ಹೋದರು. ಎತ್ತಿದ ಕೈ ಇಳಿಸಿದರು. ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು.

"ಒಳಗೆ ಬರ್ಲೇನಮ್ಮಾ?"

ಒಳಗೆ ಮೂಗು ಒರೆಸಿಕೊಂಡ ಸದ್ದಾಯಿತು.

"ಸ್ವಲ್ಪ ಇರು ಅಣ್ಣ" ಎಂದಳು ಅತ್ತೆ.

ದೊಡ್ಡಪ್ಪ ಹೊಸಲಿನಾಚೆ ಕೈಕಟ್ಟಿ ನಿಂತು ಕಾದರು.