ಮೂರು ವರ್ಷದ ಬೌಲರ್

ಗಲ್ಫಿನಲ್ಲಿರುವ ನಮ್ಮಂಥವರಿಗೆ ಎರಡು ವರ್ಷಕ್ಕಿಂತ ಆಚೆ ಕಣ್ಣು ಕಾಣಿಸುವುದಿಲ್ಲ. ವೀಸಾ ಎರಡು ವರ್ಷದ್ದು, ಹೀಗಾಗಿ ಬದುಕೂ ಎರಡೆರಡು ವರ್ಷದ್ದು. ಬಹರೈನಿಗೆ ಬಂದ ದಿನದಿಂದ ನಾನು ‘ಇನ್ನೇನು, ಮುಂದಿನ ವರ್ಷ ಹೊರಟುಬಿಡೋದು’ ಎಂದು ಹೇಳುತ್ತಲೇ ತಲೆಗೂದಲು ನೆರೆಸಿಕೊಂಡಿದ್ದೇನೆ. ಫ್ರಿಜ್ಜು ಕೊಂಡಾಗ ಅದರ ಜೊತೆ ಬಂದ ಥರ್ಮೋಕೋಲನ್ನು ಮಂಚದ ಕೆಳಗೆ ಜೋಪಾನವಾಗಿ ಇಟ್ಟೆ, ಊರಿಗೆ ಸಾಗಿಸುವಾಗ ಬೇಕಾಗುತ್ತದಲ್ಲ ಅಂತ. ಫ್ರಿಜ್ಜು ಕೆಟ್ಟು ಗುಜರಿಗೆ ಹೋಯಿತು, ಥರ್ಮೋಕೋಲು ಮಾತ್ರ ಹೊಸದರಂತೆ ಇದೆ. ಗೋಡೆಗೆ ಮೊಳೆ ಹೊಡೆಯುವ ಧೈರ್ಯವೂ ನನಗಿಲ್ಲ. ದಾವಣಗೆರೆಯಿಂದ ತಂದ ದೇವರ ಪಟಗಳು ಟೀವಿ ಸ್ಟ್ಯಾಂಡಿನ ಮೇಲೆ ಗೋಡೆಗೆ ಒರಗಿಕೊಂಡು ನಿಂತೇ ಇವೆ, ಅವರೂ ಹೊರಟವರೇ ಎಂಬಂತೆ. ಇಂಥ ಮನುಷ್ಯನ ಕೈಗೆ ಒಬ್ಬ ಬೌಲರನ ಮುಂದಿನ ಮೂರು ವರ್ಷ ಬಂದು ಬಿದ್ದಿತು. ಆ ವಾರ ನಾನು ನೆಮ್ಮದಿಯಾಗಿ ಉಂಡದ್ದೂ ಇಲ್ಲ, ಮಲಗಿದ್ದೂ ಇಲ್ಲ.

ತಂಡದ ವಿಷಯ ಮೊದಲು ಹೇಳಿಬಿಡಬೇಕು. ಚಳಿಗಾಲದ ಶುಕ್ರವಾರಗಳಲ್ಲಿ ಅವಾಲಿ ರಸ್ತೆಯ ಪಕ್ಕದ ಮರಳು ಬಯಲಿನಲ್ಲಿ, ನಡುವೆ ಒಂದು ಸಿಮೆಂಟಿನ ಪಟ್ಟಿ ಹಾಕಿಕೊಂಡು, ಟೇಪು ಸುತ್ತಿದ ಟೆನಿಸ್ ಚೆಂಡಿನಲ್ಲಿ ನಡೆಯುವ ಲೀಗು ನಮ್ಮದು. ನಾನು ಆ ಲೀಗಿನ ಒಂದು ತಂಡದ ನಾಯಕ. ನಾನು ಕ್ರಿಕೆಟ್ ಆಡಿ ಬೆಳೆದವನೆಂದು ಯಾರೂ ತಪ್ಪು ತಿಳಿಯಬಾರದು. ಬ್ಯಾಂಕಿನಲ್ಲಿ ಆಡಿಟರ್ ಕೆಲಸ ನನ್ನದು, ಬೇರೆಯವರ ತಪ್ಪು ಹುಡುಕುವುದೊಂದೇ ನಾನು ಬಲ್ಲ ಆಟ. ಆದರೆ ತಂಡದಲ್ಲಿ ಏಳು ಸೀಟಿನ ಗಾಡಿ ಇದ್ದವನು ನಾನೊಬ್ಬನೇ. ಗಾಡಿ ಇಲ್ಲದಿದ್ದರೆ ಹೂರಾದ ಸಂದಿಗಳಲ್ಲಿ ಮಲಗಿರುವ ನಮ್ಮ ಆಟಗಾರರನ್ನು ಎಬ್ಬಿಸಿ ಮೈದಾನಕ್ಕೆ ತರುವವರು ಯಾರು? ಗಾಡಿಯನ್ನು ಬಿಟ್ಟುಕೊಡಲು ನಾನು ಒಪ್ಪದ ಕಾರಣ ಡ್ರೈವರನನ್ನೂ ತಂಡಕ್ಕೆ ಸೇರಿಸಿಕೊಂಡರು. ಬರೀ ಡ್ರೈವರ್ ಎಂದರೆ ಬೇಜಾರಾದೀತೆಂದು ಕ್ಯಾಪ್ಟನ್ ಎಂದರು. ನಾನು ನಿಲ್ಲುತ್ತಿದ್ದುದು ಫೈನ್ ಲೆಗ್ಗಿನಲ್ಲಿ, ಚೆಂಡು ಅಪರೂಪಕ್ಕೆ ಬರುವ ಜಾಗದಲ್ಲಿ. ಅಪ್ಪಿತಪ್ಪಿ ಬಂದರೆ ಕಾಲು ಅಡ್ಡ ಕೊಡುತ್ತಿದ್ದೆ. ಕೈ ಕೊಟ್ಟರೆ ಭಾನುವಾರ ಆಫೀಸಿನಲ್ಲಿ ಕೀಬೋರ್ಡು ಒತ್ತುವುದು ಕಷ್ಟ.

ಹೀಗಿದ್ದೂ ನಾವು ಗೆಲ್ಲುತ್ತಿದ್ದೆವು ಎಂದರೆ ಅದಕ್ಕೆ ಸ್ಟ್ಯಾನಿ ಕಾರಣ. ಶಿರ್ವದ ಸ್ಟ್ಯಾನಿ, ಎ.ಸಿ. ರಿಪೇರಿ ಕಂಪನಿಯೊಂದರಲ್ಲಿ ಟೆಕ್ನಿಷಿಯನ್. ದಪ್ಪ ಮೀಸೆ, ಮೆಲು ಮಾತು. ಬೌಂಡರಿಯ ಹತ್ತಿರ ನಿಂತು ಒಂದು ಶಿಲುಬೆ ಗುರುತು ಹಾಕಿ ಓಡಿ ಬಂದನೆಂದರೆ ಬ್ಯಾಟ್ಸ್‌ಮನ್ನನ ಕಾಲ್ಬೆರಳ ಬುಡಕ್ಕೇ ಯಾರ್ಕರ್ ಬೀಳುತ್ತಿತ್ತು. ಎದುರು ತಂಡದ ಪಠಾಣರೂ ಔಟಾದ ಮೇಲೆ ಹಿಂದೆ ತಿರುಗಿ ಅವನನ್ನು ಒಂದು ಸಲ ನೋಡಿ ಹೋಗುತ್ತಿದ್ದರು. ಹಾಗೆ ಹೋಗುವಾಗ ಅವರು ನನ್ನನ್ನೂ ನೋಡುತ್ತಿದ್ದರು, ನಾನು ನಾಯಕನಲ್ಲವೇ! ನಾನೂ ಏನೋ ತಂತ್ರ ಹೂಡಿದವನಂತೆ ತಲೆಯಾಡಿಸುತ್ತಿದ್ದೆ.

ಆ ವರ್ಷ ಸ್ಟ್ಯಾನಿಯ ಕಂಪನಿ ಬಾಗಿಲು ಹಾಕುವುದೆಂದಾಯಿತು. ತಿಂಗಳೊಳಗೆ ಬೇರೆ ವೀಸಾ ಸಿಗದಿದ್ದರೆ ಅವನು ಗಂಟುಮೂಟೆ ಕಟ್ಟಬೇಕು. ಅದೇ ಹೊತ್ತಿಗೆ ನಮ್ಮ ತಂಡಕ್ಕೆ ಜೆರ್ಸಿ, ಬಿರಿಯಾನಿ, ಚೆಂಡು ಎಲ್ಲ ಕೊಡಿಸುವ ಸುಧಾಕರ ಶೆಟ್ಟರ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಒಂದು ವೀಸಾ ಖಾಲಿ ಇತ್ತು. ಕೌಂಟರಿನ ಕೆಲಸ, ಹೆಂಡತಿಯನ್ನು ಕರೆಸಿಕೊಳ್ಳಲು ಸಾಲುವಷ್ಟು ಸಂಬಳ. ಮದುವೆಯಾದಾಗಿನಿಂದ ಸ್ಟ್ಯಾನಿ ಹೆಂಡತಿಯ ಜೊತೆ ಇದ್ದದ್ದು ರಜೆಯಲ್ಲಿ ಮಾತ್ರ. ಈ ಕೆಲಸ ಸಿಕ್ಕರೆ ಸಂಸಾರ, ಸಿಗದಿದ್ದರೆ ಶಿರ್ವದಲ್ಲಿ ನಿರುದ್ಯೋಗ, ಅಷ್ಟೇ ಸ್ಪಷ್ಟ. ಆದರೆ ಶೆಟ್ಟರಿಗೆ ಕೌಂಟರಿನ ಚಿಂತೆಗಿಂತ ಲೀಗಿನ ಕಪ್ಪಿನ ಚಿಂತೆ ದೊಡ್ಡದು. ಹೂರಾದ ಹೋಟೆಲಿನವರ ತಂಡವನ್ನು ಸೋಲಿಸದಿದ್ದರೆ ಅವರಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಅವರು ನನಗೆ ಫೋನ್ ಮಾಡಿದರು.

“ಮೂರ್ತಿಯವರೇ, ಒಂದು ವೀಸಾ, ಇಬ್ಬರು ಬೌಲರುಗಳು. ನಿಮ್ಮ ಸ್ಟ್ಯಾನಿ ಒಬ್ಬ. ನಿಮ್ಮ ವೈಸ್ ಕ್ಯಾಪ್ಟನ್ ಇಕ್ಬಾಲ್ ಹೇಳುವ ಆ ಕಾರ್ಕಳದ ಹುಡುಗ ಇನ್ನೊಬ್ಬ, ಅವನಿಗೆ ಇಪ್ಪತ್ತೆರಡು. ಸ್ಟ್ಯಾನಿಗೆ ಎಷ್ಟಾಯ್ತು?”

“ಮೂವತ್ತಾರಿರಬೇಕು.”

“ಇರ್ಲಿ. ಆದ್ರೆ ಅವ ಇನ್ನು ಮೂರು ವರ್ಷ ಬೌಲಿಂಗ್ ಮಾಡ್ತಾನಾ? ಮಾಡ್ತಾನೆ ಅಂತಾದ್ರೆ ವೀಸಾ ಅವನದ್ದು. ಭುಜ ನೋವು ಅಂತ ಯಾರೋ ಹೇಳಿದ್ರು. ನಿಮ್ಮ ಮಿಸೆಸ್ ಹತ್ರವೇ ಹೋಗ್ತಾನಂತಲ್ಲ? ಅವರಿಗೆ ಗೊತ್ತುಂಟು. ಕೇಳಿ ಶುಕ್ರವಾರ ನನಗೆ ಹೇಳಿ, ಖಲಾಸ್.”

ನನ್ನ ಹೆಂಡತಿ ಸುಮಾ ಫಿಸಿಯೋಥೆರಪಿಸ್ಟ್, ಸಲ್ಮಾನಿಯಾದ ಕಡೆ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಸ್ಟ್ಯಾನಿ ಅಲ್ಲಿಗೆ ಹೋಗುತ್ತಾನೆಂದು ಇಡೀ ಬಹರೈನಿಗೆ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಸಂಜೆ ಅವಳು ಬಂದ ತಕ್ಷಣ ನಾನೇ ಚಹಾ ಮಾಡಿ ಕೊಟ್ಟೆ. ಅಲ್ಲೇ ಕೆಲಸ ಕೆಟ್ಟಿತು. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು. “ಏನ್ರೀ ಬೇಕು ನಿಮಗೆ?” ಎಂದಳು. ಸ್ಟ್ಯಾನಿಯ ಭುಜ ಹೇಗಿದೆ ಎಂದು ಕೇಳಿದೆ. “ಪೇಷೆಂಟ್ ವಿಷಯ ಮನೇಲಿ ಮಾತಾಡಲ್ಲ” ಎಂದಳು. ಗಂಡನಿಗೂ ಹೇಳಬಾರದೇ? “ಗಂಡನಿಗಂತೂ ಹೇಳಲೇಬಾರದು.” ಅಂದಿನಿಂದ ನಾನು ಅವಳ ಮುಖ ಓದಲು ಕೂತೆ. ತಪ್ಪು ಮುಚ್ಚಿಡುವ ಎಷ್ಟೋ ಮ್ಯಾನೇಜರುಗಳ ಮುಖ ಓದಿದವನು ನಾನು. ಸಾರು ಬಡಿಸುವಾಗ ‘ಸ್ಟ್ಯಾನಿ’ ಎಂದು ಸುಮ್ಮನೆ ಹೆಸರು ಎತ್ತುವುದು, ಅವಳ ಸೌಟು ನಡುಗುತ್ತದೆಯೇ ಎಂದು ನೋಡುವುದು. ಸೌಟು ನಡುಗಲಿಲ್ಲ. ಸಾರು ಮಾತ್ರ ಒಂದು ದಿನ ಉಪ್ಪಾಗಿತ್ತು, ಅದನ್ನು ನಾನು ಕೆಟ್ಟ ಸೂಚನೆ ಎಂದುಕೊಂಡು ಕೈತೊಳೆದೆದ್ದೆ.

ಇತ್ತ ಉಪನಾಯಕ ಇಕ್ಬಾಲನಿಂದ ದಿನಕ್ಕೆ ಎರಡು ಸಲ ಫೋನ್. ಅವನು ಒಳ್ಳೆಯ ಹುಡುಗನೇ, ವಿಕೆಟ್ ಕೀಪರ್, ಸ್ಟ್ಯಾನಿಯ ಚೆಂಡು ಹಿಡಿದು ಹಿಡಿದು ಬೆರಳು ಸೊಟ್ಟ ಮಾಡಿಕೊಂಡವನು. “ಮೂರ್ತಿ ಸಾರ್, ನಂಗೂ ಸ್ಟ್ಯಾನಿ ಅಂದ್ರೆ ಜೀವ. ಆದ್ರೆ ಹೋದ ಸೀಸನ್ನಿನ ಕೊನೆಗೆ ಬಾಲು ನನ್ನ ಗ್ಲೌಸಿಗೆ ಮೊದಲಿನಷ್ಟು ಜೋರಾಗಿ ಬಡೀಲಿಲ್ಲ. ನನ್ನ ಕೈಗೆ ಗೊತ್ತಾಗ್ತದೆ. ದೋಸ್ತಿ ಬೇರೆ, ಟೀಮು ಬೇರೆ” ಎಂದ. ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಸರಿಯಾದ ಮಾತನ್ನು ಇಷ್ಟು ವರ್ಷ ಬೇರೆಯವರಿಗೆ ಹೇಳಿ ಸಂಬಳ ತಗೊಂಡವನು ನಾನು. ಅದನ್ನು ಕೇಳಿಸಿಕೊಳ್ಳುವವರಿಗೆ ಹೇಗಾಗುತ್ತದೆ ಎಂಬುದು ಆ ವಾರ ತಿಳಿಯಿತು.

ಕೊನೆಗೆ ನಾನೇ ಒಂದು ಪರೀಕ್ಷೆ ಹೂಡಿದೆ. ಬುಧವಾರ ಸ್ಟ್ಯಾನಿಯನ್ನು ಊಟಕ್ಕೆ ಕರೆದೆ. ಒಂದು ಸೂಟ್‌ಕೇಸಿನೊಳಗೆ ಸುಮಾಳ ಇಡ್ಲಿ ಪಾತ್ರೆ, ಇಸ್ತ್ರಿಪೆಟ್ಟಿಗೆ, ನನ್ನ ಹಳೆಯ ಅಕೌಂಟೆನ್ಸಿ ಪುಸ್ತಕಗಳನ್ನು ತುಂಬಿ ಬೀರುವಿನ ಮೇಲಿಟ್ಟೆ. ಅವನು ಬಂದು ಕೂತ ಮೇಲೆ, “ಸ್ಟ್ಯಾನಿ, ಅದೊಂದು ಸ್ವಲ್ಪ ಇಳಿಸಿಕೊಡ್ತೀಯಾ, ನನಗೆ ಎಟುಕೋದಿಲ್ಲ” ಎಂದೆ. ಬಲಗೈ ಎತ್ತಿದರೆ ಭುಜ ಸರಿಯಿದೆ ಎಂದರ್ಥ. ಅವನು ಎದ್ದು ನಿಂತ. ಅವನು ಸ್ಟೂಲು ಹತ್ತಿ ಎಡಗೈಯಿಂದ ಸೂಟ್‌ಕೇಸ್ ಎಳೆದ. ಎಡಗೈ ಯಾಕೆ? ಬಲಗೈ ಎತ್ತಲಾಗದ್ದಕ್ಕೋ, ಅಥವಾ ಬಲಗಡೆ ಬಾಯಿಬಿಟ್ಟುಕೊಂಡು ನಾನು ಅಡ್ಡ ನಿಂತಿದ್ದಕ್ಕೋ? ನಾನು ಇದನ್ನು ಲೆಕ್ಕ ಹಾಕುತ್ತಿರುವಾಗ ಸೂಟ್‌ಕೇಸ್ ಜಾರಿತು. ಹಿಡಿಯಲು ಹೋದೆ. ನನ್ನದೇ ಭುಜದೊಳಗೆ ಏನೋ ‘ಟಕ್’ ಎಂದಿತು. ಸುಮಾ ಅಡಿಗೆಮನೆಯಿಂದ ಬಂದು ನೆಲದ ಮೇಲಿದ್ದ ಇಡ್ಲಿ ಪಾತ್ರೆಯನ್ನೂ ಇಸ್ತ್ರಿಪೆಟ್ಟಿಗೆಯನ್ನೂ ನನ್ನನ್ನೂ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಸ್ಟ್ಯಾನಿ ಹೋದ ಮೇಲೆ, “ಊಟಕ್ಕೆ ಕರೆದು ಮನುಷ್ಯನ್ನ ತೂಕ ಹಾಕ್ತೀರಲ್ರೀ” ಎಂದಳು. ನನ್ನ ಭುಜಕ್ಕೆ ಮುಲಾಮು ಹಚ್ಚಲೂ ಇಲ್ಲ. ನಾಚಿಕೆಯಾಯಿತು ನನಗೆ.

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಮೊದಲು ಸ್ಟ್ಯಾನಿಯನ್ನೇ ಹತ್ತಿಸಿಕೊಂಡೆ. ಉಳಿದವರಿಗೆ ಅಂದು ಶೆಟ್ಟರೇ ಟ್ಯಾಕ್ಸಿ ಮಾಡಿಸಿದ್ದರು. ಗಾಡಿಯಲ್ಲಿ ನಾವಿಬ್ಬರೇ. ಕಿಟಕಿಯಾಚೆ ನೋಡುತ್ತಿದ್ದವನು ತಾನಾಗಿಯೇ ಬಾಯಿ ಬಿಟ್ಟ.

“ಸರ್, ಮೇಡಮ್ ನಿಮಗೆ ಎಂತದ್ದೂ ಹೇಳಲಿಲ್ಲ, ಅಲ್ವಾ?”

“ಇಲ್ಲ ಮಾರಾಯ. ಒಂದಕ್ಷರ ಹೇಳಲಿಲ್ಲ.”

“ಹಾಗಾದ್ರೆ ನಾನೇ ಹೇಳ್ತೇನೆ. ಭುಜ ಹೋಗಿದೆ ಸರ್. ಹೆಚ್ಚಂದ್ರೆ ಈ ಸೀಸನ್ ಅರ್ಧ ಎಳೀಬಹುದು. ಶೆಟ್ರ ಹತ್ರ ಸುಳ್ಳು ಹೇಳಿ ಅಂತ ನಾನು ಹೇಳುದಿಲ್ಲ. ನಿಮಗೆ ಗೊತ್ತಿಲ್ಲದೆ ನೀವು ಮಾತು ಕೊಟ್ರೆ ಅದು ಮೋಸ ಆಗ್ತದೆ, ಅದಕ್ಕೆ ಹೇಳಿದ್ದು.” ಮತ್ತೆ ಕಿಟಕಿಯ ಕಡೆ ತಿರುಗಿ, “ನನ್ನ ಹೆಂಡ್ತಿ ವಿಲ್ಮಾ ಪಾಸ್‌ಪೋರ್ಟ್ ಮಾಡಿಸಿ ಇಟ್ಟಿದ್ದಾಳೆ ಸರ್. ಸಿಕ್ಕದಿದ್ರೂ ಅಡ್ಡಿಯಿಲ್ಲ” ಎಂದ.

ಅಡ್ಡಿಯಿಲ್ಲ ಎಂದವನ ದನಿಯಲ್ಲಿ ಅಡ್ಡಿ ಬೇಕಾದಷ್ಟಿತ್ತು. ಇದಕ್ಕಿಂತ ಅವನು ಸುಳ್ಳು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಜ ಹೇಳಿ ಅದರ ಭಾರವನ್ನೆಲ್ಲ ನನ್ನ ತೊಡೆಯ ಮೇಲಿಟ್ಟು ಅವನು ಹಗುರಾಗಿ ಕೂತ.

ಮೈದಾನದಲ್ಲಿ ಶೆಟ್ಟರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಇಕ್ಬಾಲ್, ಅವನ ಹಿಂದೆ ಕಾರ್ಕಳದ ಹುಡುಗ, ಹೊಸ ಬೂಟು ಹಾಕಿಕೊಂಡು. “ಒಂದು ಓವರ್ ಹಾಕ್ಲಿ ನೋಡುವ” ಎಂದರು ಶೆಟ್ಟರು. ಸ್ಟ್ಯಾನಿ ಚೆಂಡು ತಗೊಂಡು ದೂರ ನಡೆದ. ಅವನು ಶಿಲುಬೆ ಗುರುತು ಹಾಕಲು ಕೈ ಎತ್ತಿದ. ಹಣೆಗೆ ಮುಟ್ಟಿದ ಕೈ ಬಲ ಭುಜಕ್ಕೆ ಬಂದಾಗ ಅಲ್ಲೇ ಒಂದು ಕ್ಷಣ ಒತ್ತಿ ಹಿಡಿದುಕೊಂಡಿತು. ಬೇರೆಯವರಿಗೆ ಅದು ಪ್ರಾರ್ಥನೆಯಂತೆ ಕಂಡಿರಬೇಕು. ನನಗೆ ತಡೆಯಲಾಗಲಿಲ್ಲ. “ಬೇಡ, ಬೇಡ! ನಿಲ್ಲಿಸು!” ಎಂದು ಕೂಗಿಬಿಟ್ಟೆ. ಶೆಟ್ಟರು ನನ್ನ ಕಡೆ ತಿರುಗಿದರು.

“ಎಂತ ಮಾರಾಯ್ರೆ?”

“ನೋಡೋದು ಏನೂ ಬೇಡ ಶೆಟ್ರೇ. ಮೂರು ವರ್ಷ ಅಲ್ವಾ? ನಾನು ಗ್ಯಾರಂಟಿ.”

ಈ ಮಾತು ಹೇಳಿದವನು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ. ಬ್ಯಾಂಕಿನಲ್ಲಿ ಒಂದು ಸಹಿ ಹಾಕುವ ಮೊದಲು ‘ನಮಗೆ ಒದಗಿಸಿದ ಮಾಹಿತಿಯ ಮಟ್ಟಿಗೆ’ ಎಂದು ಬರೆದುಕೊಳ್ಳುವ ಜಾತಿ ನಮ್ಮದು. ಬಹರೈನಿನಲ್ಲಿ ಯಾರು ಏನು ಕೇಳಿದರೂ ‘ಇನ್ಶಾ ಅಲ್ಲಾ’ ಎಂದು ಜಾರಿಕೊಳ್ಳುವ ಅನುಕೂಲವೂ ಇತ್ತು. ಎರಡನ್ನೂ ಬಿಟ್ಟು ಗ್ಯಾರಂಟಿ ಎಂದಿದ್ದೆ. ಶೆಟ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೊಟ್ಟೆಯ ಹತ್ತಿರ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು. ನನಗೆ ಅವರು ಎಲ್ಲ ತಿಳಿದೇ ಕೇಳಿದರೇನೋ ಎಂಬ ಅನುಮಾನ ಈಗಲೂ ಇದೆ.

“ಮೂರ್ತಿಯವರೇ, ನಮ್ಮ ಅಂಗಡಿಯಲ್ಲಿ ಗ್ಯಾರಂಟಿಗೆ ಒಂದೇ ಅರ್ಥ. ಪಾರ್ಟ್ ಕೆಟ್ರೆ ಗ್ಯಾರಂಟಿ ಕೊಟ್ಟವರೇ ರಿಪ್ಲೇಸ್ ಮಾಡ್ಬೇಕು. ಇವನ ಕೈ ಹೋದ್ರೆ ಉಳಿದ ಓವರುಗಳನ್ನ ನೀವು ಹಾಕ್ಬೇಕು. ನೀವು ಹಾಕುವಷ್ಟು ದಿನ ಇವನ ಕೆಲಸಕ್ಕೆ ನಾನು ಕೈ ಹಚ್ಚುದಿಲ್ಲ. ಒಪ್ಪಿಗೆಯಾ?”

ಎಲ್ಲರೂ ನಕ್ಕರು. ನಾನೂ ನಕ್ಕು ಒಪ್ಪಿದೆ. ಶೆಟ್ಟರು ಮಾತ್ರ ನಗಲಿಲ್ಲ.

ಆ ಚಳಿಗಾಲ ನಾಲ್ಕೈದು ಪಂದ್ಯ ಸ್ಟ್ಯಾನಿ ಹಲ್ಲು ಕಚ್ಚಿ ಎಳೆದ. ಆಮೇಲೆ ಒಂದು ಶುಕ್ರವಾರ ಚೆಂಡು ಕೈಯಿಂದ ಜಾರಿ ಅಂಪೈರನ ಕಾಲಿಗೆ ಬಿತ್ತು. ಅವನು ಭುಜ ಹಿಡಿದುಕೊಂಡು ಕೂತುಬಿಟ್ಟ. ಬೌಂಡರಿಯಾಚೆಯಿಂದ ಶೆಟ್ಟರ ದನಿ ಬಂತು: “ಗ್ಯಾರಂಟಿ!” ಫೈನ್ ಲೆಗ್ಗಿನಿಂದ ಪಿಚ್ಚಿನವರೆಗೆ ನಡೆದ ಆ ದಾರಿ ನನ್ನ ಬದುಕಿನಲ್ಲೇ ಉದ್ದವಾದದ್ದು. ಇಕ್ಬಾಲ್ ಕೀಪಿಂಗ್ ಗ್ಲೌಸ್ ಕಳಚಿಟ್ಟ. ನನ್ನ ಬೌಲಿಂಗಿಗೆ ಅದರ ಅಗತ್ಯವಿಲ್ಲ ಎಂದ. ಬ್ಯಾಟ್ಸ್‌ಮನ್ ಒಬ್ಬ ಪಂಜಾಬಿ, ನನ್ನ ಮೊದಲನೆಯ ಚೆಂಡು ತನ್ನ ತನಕ ಬರುವುದನ್ನು ಕಾಯುತ್ತ ಟೋಪಿ ತೆಗೆದು ಬೆವರು ಒರೆಸಿಕೊಂಡ. ಅದು ಬಂದ ಮೇಲೆ ಎಲ್ಲಿ ಹೋಯಿತೆಂದು ಯಾರಿಗೂ ಸಿಗಲಿಲ್ಲ. ಅಂದಿನಿಂದ ಪ್ರತಿ ಶುಕ್ರವಾರ ನಾನು ಬೌಲರ್. ಆ ಸಲದ ಕಪ್ಪು ಹೂರಾದ ಹೋಟೆಲಿನವರ ಪಾಲಾಯಿತು. ಶೆಟ್ಟರು ಮಾತಿಗೆ ತಪ್ಪಲಿಲ್ಲ, ತಪ್ಪಲು ನನ್ನನ್ನೂ ಬಿಡಲಿಲ್ಲ. ಒಂದು ವಾರ ಜ್ವರವೆಂದು ಮಲಗಿದ್ದಕ್ಕೆ, “ಕೌಂಟರಿಗೆ ಬೇರೆ ಜನ ನೋಡ್ಬೇಕಾ?” ಎಂದು ಫೋನು ಬಂತು. ಜ್ವರದಲ್ಲೇ ಎದ್ದು ಹೋಗಿ ಬೌಲಿಂಗ್ ಮಾಡಿ ಬಂದೆ.

ಫೆಬ್ರುವರಿಯಲ್ಲಿ ವಿಲ್ಮಾ ಬಂದಳು. ಬಂದ ಎರಡನೆಯ ದಿನವೇ ಶುಕ್ರವಾರ. ಸುಮಾ ಅವಳನ್ನು ಮೈದಾನಕ್ಕೆ ಕರೆತಂದು, ನಮ್ಮ ಗಾಡಿಯ ನೆರಳಿನಲ್ಲಿ ಚಾಪೆ ಹಾಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಿದ್ದಳು. ವಿಲ್ಮಾಳಿಗೆ ನನ್ನ ಪರಿಚಯ ಇನ್ನೂ ಆಗಿರಲಿಲ್ಲ, ಗ್ಯಾರಂಟಿಯ ಕಥೆಯನ್ನು ಸ್ಟ್ಯಾನಿ ಅವಳಿಗೆ ಹೇಳಿರಲಿಲ್ಲ. ಬಿಳಿ ಟೋಪಿ ಹಾಕಿ ಅಂಪೈರಾಗಿ ನಿಂತ ಗಂಡನನ್ನೇ ಅವಳು ಕಣ್ಣು ತುಂಬ ನೋಡುತ್ತಿದ್ದಳು. ಅವನು ಬಲಗೈ ಎತ್ತುವ ಕಷ್ಟವಿಲ್ಲದೆ ನಿಂತಿದ್ದ. ನನ್ನ ಓವರಿನಲ್ಲಿ ಯಾರೂ ಔಟಾಗುವುದಿಲ್ಲ, ಸಿಕ್ಸರಿಗೆ ಎರಡು ಕೈ ಎತ್ತಬೇಕಾದಲ್ಲಿ ಎಡಗೈ ಒಂದನ್ನೇ ಎತ್ತುವ ರಿಯಾಯಿತಿಯನ್ನು ಎಲ್ಲರೂ ಕೊಟ್ಟಿದ್ದರು. ಆ ಓವರಿನಲ್ಲಿ ಅವನ ಎಡಗೈಗೂ ನೋವು ಬಂದಿರಬೇಕು. ಮುಗಿಸಿ, ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು, ಏದುಸಿರು ಬಿಡುತ್ತ ಫೈನ್ ಲೆಗ್ಗಿಗೆ ಬಂದು ನಿಂತೆ. ಗಾಡಿ ಹತ್ತಿರವೇ ಇತ್ತು. ಬೆನ್ನ ಹಿಂದೆ ಹೆಂಗಸರ ಮಾತು ಕೇಳಿಸಿತು.

“ಅಲ್ಲ ಅಕ್ಕಾ,” ವಿಲ್ಮಾ ಕೇಳುತ್ತಿದ್ದಳು, “ಆ ಹೊಟ್ಟೆಯವರಿಗೆ ಯಾಕೆ ಬಾಲ್ ಕೊಡುದು? ಪಾಪ, ಅವರಿಗೆ ಬರುದಿಲ್ಲ ಅಂತ ನಂಗೇ ಗೊತ್ತಾಗ್ತದೆ. ತೆಗ್ದುಹಾಕ್ಲಿಕ್ಕೆ ಆಗುದಿಲ್ವಾ?”

ಸುಮಾ ಚಹಾ ಹೀರಿದ ಸದ್ದು ಬಂತು.

“ಆಗಲ್ಲಮ್ಮ. ಮೂರು ವರ್ಷಕ್ಕೆ ತಗೊಂಡುಬಿಟ್ಟಿದ್ದಾರಂತೆ.”