ಬ್ಯಾಟ್ ಬೀಸಬೇಡ ಎಂದ ಕೋಚ್

ನಾನು ನಿಂತಿದ್ದು ಸಂಡೂರಿನ ಮೈದಾನದಲ್ಲಿ, ಮೂರನೇ ಬೇಸಿನಿಂದ ಹನ್ನೊಂದು ಹೆಜ್ಜೆ ಹಿಂದೆ, ಬೇವಿನ ಮರದ ಕೆಳಗೆ. ಪಕ್ಕದಲ್ಲಿ ಸೋದರಮಾವ, ಅತ್ತೆ. ಹೊತ್ತು ಸಂಜೆ ನಾಲ್ಕೂಕಾಲು. ಇಷ್ಟು ಕರಾರುವಾಕ್ಕಾಗಿ ಏಕೆ ಹೇಳುತ್ತಿದ್ದೇನೆಂದು ಕೊನೆಗೆ ತಿಳಿಯುತ್ತದೆ. ಮಾವ ಬೇಸ್‌ಬಾಲಿನಲ್ಲಿ ಚೆಂಡು ಹೊಡೆಯುವುದನ್ನು ಕಲಿಸುವ ಕೋಚ್. ಮೂವತ್ತು ವರ್ಷ ಅವರು ಕಲಿಸಿದ್ದು ಮಾತ್ರ ಹೊಡೆಯದೆ ಇರುವುದನ್ನು!

"ಮೊದಲು ಬಿಡೋದು ಕಲೀರಿ" ಎಂಬುದೇ ಅವರ ಪಾಠ. ಮೊದಲ ತಿಂಗಳು ಯಾರೂ ಬ್ಯಾಟ್ ಬೀಸುವಂತಿಲ್ಲ. ಕಣ್ಣು ಮಿಟುಕಿಸದೆ ಚೆಂಡನ್ನು ನೋಡಿ, ಅದರ ಹೊಲಿಗೆ ಯಾವ ಕಡೆ ತಿರುಗುತ್ತಿತ್ತೆಂದು ಹೇಳಬೇಕು. ಅದಿರಿನ ಧೂಳಿನಲ್ಲಿ ಬಿಳಿ ಚೆಂಡು ಎರಡೇ ದಿನಕ್ಕೆ ಕೆಂಪಾದರೆ ಹೊಲಿಗೆ ಕಾಣುವುದಾದರೂ ಹೇಗೆ? ಅದಕ್ಕೂ ಉಪಾಯವಿತ್ತು: ಅತ್ತೆಯ ಹಲ್ಲುಜ್ಜುವ ಬ್ರಷ್ಷು. ಆ ವರ್ಷ ಅತ್ತೆ ಬೇವಿನ ಕಡ್ಡಿಗೆ ಮರಳಿದರು.

ಒಮ್ಮೆ ಕಂಪ್ಲಿಯಲ್ಲಿ ಮದುವೆ. ಬಸ್ಸು ಬಂತು, ಖಾಲಿಯಿತ್ತು. "ಮೊದಲನೇದು ಬಿಡ್ರಿ. ಅದರ ಓಟ ನೋಡಿ ಎರಡನೇದು ಹತ್ತೋಣು" ಎಂದರು ಮಾವ. ಎರಡನೆಯದು ಎರಡು ಗಂಟೆ ಬಿಟ್ಟು ಬಂತು! ನಾವು ಮುಟ್ಟಿದಾಗ ಮದುಮಕ್ಕಳು ಉಂಡು ಕೈ ತೊಳೆಯುತ್ತಿದ್ದರು.

"ಊರಿಗೆಲ್ಲ ಬಿಡೋದು ಕಲಿಸ್ತೀರಿ, ನಶ್ಯ ಒಂದು ಬಿಡಂಗಿಲ್ಲ ನೋಡ್ರಿ" ಎಂದರು ಅತ್ತೆ.

"ನಿನ್ನ ಬಿಟ್ಟೀನೇನ?"

"ಅದ ನನ್ನ ಕರ್ಮ!"

ಇಂಥವರನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಹೊಸಪೇಟೆಯ ಕಾಲೇಜು ಮನೆಗೆ ಕಳಿಸಿತು, ಕಂಪ್ಲಿಯ ಶಾಲೆ ಕಳಿಸಿತು. ಉಳಿದದ್ದು ಸಂಡೂರಿನ ಒಂದು ಹೆಣ್ಣುಮಕ್ಕಳ ಕ್ಲಬ್. ಒಂದು ಪಂದ್ಯಾವಳಿಯ ಫೈನಲ್ ದಿನ ಬೆಳಿಗ್ಗೆ ಅದರ ಅಧ್ಯಕ್ಷರೂ ಹೇಳಿದರು: "ಸರ್, ಇವತ್ತು ಸೋತ್ರ ನಾಳಿಂದ ಬರಬ್ಯಾಡ್ರಿ."

ಕೊನೆಯ ಸರದಿ, ಸ್ಕೋರು ಸಮ. ಮೂರು ಬೇಸಿನಲ್ಲೂ ನಮ್ಮ ಹುಡುಗಿಯರು. ಬ್ಯಾಟ್ ಹಿಡಿದವಳು ಚೋರನೂರಿನ ಹುಲಿಗೆಮ್ಮ. ಆಗಲೇ ಇಬ್ಬರು ಔಟಾಗಿದ್ದರು; ಇವಳಿಗೆ ಮೂರು ಕೆಟ್ಟ, ಎರಡು ಒಳ್ಳೆಯ ಎಸೆತಗಳಾಗಿದ್ದವು. ನಾಲ್ಕನೆಯ ಕೆಟ್ಟ ಎಸೆತ ಬಂದರೆ ಅವಳು ಸುಮ್ಮನೆ ಮೊದಲ ಬೇಸಿಗೆ ನಡೆಯಬಹುದು. ಮುಂದಿನವರೆಲ್ಲ ಒಂದೊಂದು ಬೇಸು ಸರಿದು, ಮೂರನೇ ಬೇಸಿನವಳ ಓಟ ಪೂರ್ತಿಯಾಗಿ ನಾವು ಗೆಲ್ಲುತ್ತೇವೆ. ಇನ್ನೊಂದು ಒಳ್ಳೆಯದನ್ನು ಬಿಟ್ಟರೆ ಔಟ್, ಪಂದ್ಯ ಬೆಳೆಯುತ್ತದೆ. ನಮ್ಮ ಚೆಂಡೆಸೆಯುವ ಹುಡುಗಿಗೋ ಆಗಲೇ ತೋಳೆತ್ತಲು ಆಗುತ್ತಿರಲಿಲ್ಲ.

"ಹೊಡಿಯಲೇ!" ಎಂದು ಅಧ್ಯಕ್ಷರು ಕೂಗಿದರು. ಮೈದಾನವೆಲ್ಲ ಕೂಗಿತು. ನಾನೂ ಕೂಗಿದೆ, ಒಪ್ಪಿಕೊಳ್ಳುತ್ತೇನೆ.

ಚೆಂಡು ಬಂತು. ಹುಲಿಗೆಮ್ಮ ಕದಲಲಿಲ್ಲ. ಅದು ಅವಳ ಮೊಣಕಾಲಿಗಿಂತ ಅಂಗೈಯಗಲ ಕೆಳಗೆ ಹೋಯಿತು. ಕೆಟ್ಟ ಎಸೆತ! ಅವಳು ಬ್ಯಾಟನ್ನು ಮೆಲ್ಲಗೆ ನೆಲಕ್ಕಿಟ್ಟು, ನೀರಿಗೆ ಹೊರಟವಳಂತೆ ನಡೆದಳು. ಗೆದ್ದೆವು!

ಮಾವನ ಕಡೆ ತಿರುಗಿದೆ. ಕಣ್ಣು ಮಿಟುಕಿಸಬೇಡಿ ಎಂದು ಮೂವತ್ತು ವರ್ಷ ಬೈದ ಮನುಷ್ಯ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದರು.

"ಏನಾತಲೇ?"

"ಬಿಟ್ಟಳು, ಮಾವ."

"ಎಷ್ಟು ಕೆಳಗ?"

ಆಮೇಲೆ ಸಿಕ್ಕಾಗಲೆಲ್ಲ ಇದೇ ಕಾಟ. "ಎಲ್ಲಿ ನಿಂತಿದ್ದಿ? ಎಷ್ಟೊತ್ತಾಗಿತ್ತು?" ಬಾಯಿ ತಪ್ಪಿ ಹತ್ತು ಹೆಜ್ಜೆ ಎಂದರೆ, "ಹನ್ನೊಂದು ಅಂದಿದ್ದೆಲ್ಲ!" ಎಂದು ಮೊದಲಿನಿಂದ ಹೇಳಿಸುತ್ತಿದ್ದರು. ಎಂಥ ಪೀಡೆಯಪ್ಪಾ ಎಂದು ಗೊಣಗುತ್ತಲೇ ಹೇಳುತ್ತಿದ್ದೆ.

ಈ ಬೇಸಿಗೆಯಲ್ಲಿ ಮಾವ ಹೋದ ಮೇಲೆ ಕೇಳುವವರಿಲ್ಲ. ಆ ಎಸೆತವನ್ನು ಕಣ್ಣಾರೆ ಕಂಡು, ಎಷ್ಟು ಕೆಳಗಿತ್ತೆಂದು ಹೇಳಲು ಇನ್ನೂ ಇರುವವರು, ನಮ್ಮ ಪೈಕಿ, ಅತ್ತೆ, ಹುಲಿಗೆಮ್ಮ ಮತ್ತು ನಾನು. ಹನ್ನೊಂದೇ ಹೆಜ್ಜೆ, ಮಾವ. ಅಂಗೈಯಗಲ ಕೆಳಗೆ.